ಗೋಡೆಯಂಚಿನ ಸೊಪ್ಪು

ಹೋದ ತಿಂಗಳು ತಂಗಿಯ ಮಗಳ ಮದುವೆ ಮುಗಿಸಿಕೊಂಡು ಬರುವಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಮ್ಮ ಗಾಡಿ ತಡವಾಯಿತು. ನನ್ನ ಯಜಮಾನರು ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದರು. ನಿವೃತ್ತ ಪಾದ್ರಿಗಳು ಎಲ್ಲಿ ಬೇಕಾದರೂ ಮಲಗಬಲ್ಲರು. ಇಷ್ಟು ವರ್ಷ ಪ್ರಸಂಗ ಮಾಡಿ ಬೇರೆಯವರನ್ನು ಮಲಗಿಸಿದ್ದಕ್ಕೆ ಸಿಕ್ಕ ಫಲ ಅದು ಎಂದು ನಾನು ಅವರನ್ನು ರೇಗಿಸುತ್ತಿರುತ್ತೇನೆ. ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ಯಾರೋ ಮಾರಾಟವಾಗದ ಸೇವಂತಿಗೆಯ ಮೂಟೆಯೊಂದನ್ನು ಬಿಟ್ಟುಹೋಗಿದ್ದರು. ಮಳೆಗೆ ನೆನೆದು, ಬಿಸಿಲಿಗೆ ಬೆಂದು, ಒಳಗೊಳಗೇ ಕೊಳೆತಿತ್ತು. ಅರ್ಧ ಹೂವಿನದು, ಅರ್ಧ ಗೊಬ್ಬರದ್ದು, ಅಂಥ ವಾಸನೆ. ಹಾದುಹೋಗುವವರೆಲ್ಲ ಮೂಗಿಗೆ ಸೆರಗು, ಕರ್ಚೀಫು ಹಿಡಿಯುತ್ತಿದ್ದರು. ನಾನು ಮಾತ್ರ ಹತ್ತಿರ ಹೋಗಿ ನಿಂತೆ. ಹುಚ್ಚಿ ಅಂದುಕೊಂಡಿರಬೇಕು ಜನ.

ಆ ವಾಸನೆ ನನಗೆ ಆಂಡರ್ಸನ್‌ಪೇಟೆಯ ಒಂದು ವರ್ಷವನ್ನು ತಂದುಕೊಟ್ಟಿತು. ಅಲ್ಲಿಯ ನಮ್ಮ ಹಳೆಯ ಪಾದ್ರಿ ಮನೆಯ ಹಿಂದಿನ ಜಾಗಕ್ಕೆ ಈಗ ಸಿಮೆಂಟ್ ಹಾಕಿದ್ದಾರೆ, ಭಾನುವಾರ ಕಾರುಗಳು ನಿಲ್ಲುತ್ತವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತೋಟ ಉಳಿಯಿತೋ ಇಲ್ಲವೋ ಎಂದು ನೀವು ಕಾಯುವುದು ಬೇಡ. ಉಳಿಯಲಿಲ್ಲ. ಆದರೆ ರಸ್ತೆ ಕಡೆಯ ಕಾಂಪೌಂಡ್ ಗೋಡೆಯ ಉದ್ದಕ್ಕೂ ಎರಡು ಮೊಳ ಅಗಲದ ಮಣ್ಣು ಹಾಗೇ ಇದೆ. ಸಿಮೆಂಟು ಅಲ್ಲಿಗೆ ಬಂದು ನಿಂತುಬಿಟ್ಟಿದೆ. ಅದು ಯಾಕೆ ನಿಂತಿತು ಎಂಬುದಷ್ಟೇ ನನ್ನ ಕತೆ.

ಪಾದ್ರಿಯ ಹೆಂಡತಿ ಎಂದರೆ ಮೂಟೆ ಕಟ್ಟುವವಳು. ಒಂದು ಸಭೆಯಿಂದ, ಅಂದರೆ ಒಂದು ಊರಿನ ಚರ್ಚಿನಿಂದ, ಇನ್ನೊಂದು ಸಭೆಗೆ ವರ್ಗ, ಒಂದು ಮನೆಯ ಗೋಡೆಯ ಮೊಳೆ ಕಿತ್ತು ಇನ್ನೊಂದು ಮನೆಯ ಗೋಡೆಗೆ ಹೊಡೆಯುವುದು. ನಾನು ನೆಟ್ಟ ನುಗ್ಗೆಯ ಕಾಯನ್ನು ನಾನು ತಿಂದದ್ದಿಲ್ಲ, ನೆಟ್ಟ ಸೀಬೆಯ ಹಣ್ಣಿನ ಬಣ್ಣ ಕೆಂಪೋ ಬಿಳಿಯೋ ಇವತ್ತಿಗೂ ಗೊತ್ತಿಲ್ಲ. ಬಿತ್ತುವವನೊಬ್ಬ ಕೊಯ್ಯುವವನೊಬ್ಬ ಎಂದು ನಮ್ಮವರು ಪ್ರಸಂಗದಲ್ಲಿ ಹೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಹೇಳುವುದು ಸುಲಭ ಕಣ್ರೀ, ಬಿತ್ತುವವಳು ಯಾವಾಗಲೂ ನಾನೇ ಆಗಿದ್ದೆ. ಆಂಡರ್ಸನ್‌ಪೇಟೆಗೆ ಬರುವ ಹೊತ್ತಿಗೆ ಮೊಣಕಾಲು ಸವೆದಿತ್ತು, ಮನಸ್ಸೂ ಅಷ್ಟೇ. ಅವರ ನಿವೃತ್ತಿಗೆ ಮೊದಲಿನ ಕೊನೆಯ ಸಭೆ ಅದು. ಇಲ್ಲಾದರೂ ನನ್ನ ಕೈಯಿಂದ ಒಂದು ತುಂಡು ನೆಲ ಚಿಗುರಬೇಕು, ಅದನ್ನು ನಾನೇ ನೋಡಬೇಕು ಎಂಬುದೊಂದೇ ಆಸೆ ಉಳಿದಿತ್ತು.

ಸಿಕ್ಕ ನೆಲ ಎಂಥದ್ದು! ಮನೆಯ ಹಿಂದೆ ಬಿಳಿಚಿಕೊಂಡ ಒಂದು ಚೌಕ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅರೆದು ಸುರಿದ ಮಣ್ಣಿನ ಗುಡ್ಡಗಳು ಊರ ಪಕ್ಕ ಹಾಗೇ ನಿಂತಿವೆಯಲ್ಲ, ಗಾಳಿ ಎದ್ದರೆ ಅದರ ಧೂಳು ನಮ್ಮ ತಟ್ಟೆಯ ಅನ್ನದವರೆಗೂ ಬರುತ್ತಿತ್ತು. ಅಲ್ಲಿ ಕಳೆಯೂ ಬೆಳೆಯುತ್ತಿರಲಿಲ್ಲ. ಸಭೆಯ ಖಜಾಂಚಿ ಸಾಲೊಮೋನ್ ಸಾರ್, ನಿವೃತ್ತ ಹೆಡ್‌ಮಾಸ್ಟರು, ನಾವು ಬಂದ ಹೊಸತರಲ್ಲೇ ಬಂದು ಜಾಗ ಅಳೆದರು.

"ಅಮ್ಮಾ, ಇಲ್ಲಿ ಸಿಮೆಂಟ್ ಹಾಕ್ಸಿಬಿಡೋಣ. ಮದುವೆ ಗಿದುವೆ ಆದ್ರೆ ಕಾರು ನಿಲ್ಲಿಸೋಕೆ ಜಾಗ ಇಲ್ಲ. ನಮ್ಮಪ್ಪನ ಕಾಲದಿಂದ ನೋಡ್ತಿದೀನಿ, ಇಲ್ಲಿ ಒಂದು ತುಂಬೆ ಗಿಡ ಬಂದಿಲ್ಲ."

ನಾನು ಆಗಷ್ಟೇ ಸ್ತ್ರೀಯರ ಸಂಘದ ಒಂದು ಶಿಬಿರಕ್ಕೆ ಹೋಗಿಬಂದಿದ್ದೆ. ಅಲ್ಲಿ ಒಬ್ಬಾಕೆ ಪರ್ಮಾಕಲ್ಚರ್ ಎಂಬ ತೋಟಗಾರಿಕೆಯ ಬಗ್ಗೆ ಪಾಠ ಮಾಡಿದ್ದರು. ಹೆಸರು ದೊಡ್ಡದು, ಒಳಗಿನ ಮಾತು ಸಣ್ಣದು. ನೆಲವನ್ನು ಕೆದಕಬೇಡ, ಮುಚ್ಚಿಡು. ಮೊದಲು ನೋಡು, ಆಮೇಲೆ ಕೈ ಹಾಕು. ಕಸ ಎಂದು ಯಾವುದನ್ನೂ ಎಸೆಯಬೇಡ. ಅಂಚನ್ನು ಮರೆಯಬೇಡ, ಬಂದದ್ದನ್ನು ಹಂಚು. ಶಿಬಿರದಲ್ಲಿ ಅರ್ಧ ಜನ ಆಕಳಿಸುತ್ತಿದ್ದರು. ನನಗೆ ಮಾತ್ರ, ಅಯ್ಯೋ, ಇದು ನಾವು ಚರ್ಚಿನಲ್ಲಿ ದಿನಾ ಕೇಳುವ ಮಾತೇ ಅಲ್ಲವೇ ಅನ್ನಿಸಿತು. ಸಾವಿರಾರು ಜನ ಉಂಡಮೇಲೆ ಮಿಕ್ಕ ರೊಟ್ಟಿಯ ತುಂಡುಗಳನ್ನೂ ಬುಟ್ಟಿಗೆ ತುಂಬಿಸಿದ್ದು ನಮ್ಮ ಸ್ವಾಮಿಯೇ. ಏಳನೆಯ ವರ್ಷ ಹೊಲಕ್ಕೆ ರಜೆ ಕೊಡಿ, ಕೊಯ್ಯುವಾಗ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದು ಹಳೆಯ ಒಡಂಬಡಿಕೆಯ ಕಟ್ಟಳೆ. ಎಲ್ಲ ನಮ್ಮಲ್ಲೇ ಇತ್ತು. ಪ್ರಸಂಗಕ್ಕೆ ಮಾತ್ರ ಇಟ್ಟುಕೊಂಡು, ಮಣ್ಣಿಗೆ ಕೊಡುವುದನ್ನು ಮರೆತಿದ್ದೆವು.

ಸಾಲೊಮೋನ್ ಸಾರ್ ಜಾಗ ಅಳೆದ ಆ ಭಾನುವಾರವೇ ನಮ್ಮವರು ಹಣ್ಣು ಬಿಡದ ಅಂಜೂರದ ಮರದ ಮೇಲೆ ಪ್ರಸಂಗ ಮಾಡಿದ್ದರು. ಮರವನ್ನು ಕಡಿದುಹಾಕು ಎಂದ ಧಣಿಗೆ ತೋಟದ ಆಳು, ಇದೊಂದು ವರ್ಷ ಬಿಡಿ ಸ್ವಾಮಿ, ಸುತ್ತ ಗೊಬ್ಬರ ಹಾಕಿ ನೋಡುತ್ತೇನೆ ಎಂದು ಬೇಡಿಕೊಂಡ ಕತೆ.

"ಸಾರ್, ಇವತ್ತಿನ ಪ್ರಸಂಗ ಕೇಳಿದ್ರಾ, ಇಲ್ಲ ನೀವೂ ತೂಕಡಿಸಿದ್ರಾ?" ಅಂದೆ.

ಅವರಿಗೆ ನಗು ತಡೆಯಲಾಗಲಿಲ್ಲ. "ಪಾದ್ರಿಗಳ ಮಾತಿನಲ್ಲೇ ನನ್ನ ಕಟ್ಟಿ ಹಾಕ್ತೀರಲ್ಲಮ್ಮ! ಸರಿ. ಬರೋ ವರ್ಷದ ಸುಗ್ಗಿ ಹಬ್ಬದ ತನಕ ನಿಮ್ದು. ಆ ದಿನ ಈ ನೆಲದಿಂದ ಏನಾದ್ರೂ ಬಂದು, ಜನ ಕೂಗಿ ತಗೊಂಡ್ರೆ ಸಿಮೆಂಟ್ ಮಾತು ಎತ್ತಲ್ಲ. ಇಲ್ಲಾಂದ್ರೆ ನೀವು ಮಾತು ಎತ್ತಬಾರದು."

ನಮ್ಮ ಸುಗ್ಗಿ ಹಬ್ಬ ಕಾಣದವರಿಗೆ ಒಂದು ಮಾತು. ಆ ಭಾನುವಾರ ಮನೆಮನೆಯಿಂದ ತೆಂಗಿನಕಾಯಿ, ರಾಗಿ, ಕೋಳಿ, ಕುಂಬಳಕಾಯಿ, ಕೇಕು ಎಲ್ಲ ತಂದು ಪೀಠದ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ದೇವರದ್ದು ಎಂಬ ಭಕ್ತಿಗೂ ಪಕ್ಕದವನಿಗಿಂತ ಹೆಚ್ಚು ಕೂಗುವ ಜಂಬಕ್ಕೂ ಅಲ್ಲಿ ಗೆರೆ ಇರುವುದಿಲ್ಲ, ಒಂದು ನಿಂಬೆಹಣ್ಣಿಗೆ ಮೇಕೆಯ ಬೆಲೆ ಬಂದದ್ದೂ ಉಂಟು. ಅಲ್ಲಿಗೆ ತಂದದ್ದು ಏನೂ ಮಾರಾಟವಾಗದೆ ಉಳಿದದ್ದಿಲ್ಲ.

ಆ ನೆಲವನ್ನು ನಾನು ನಂಬಲಿಲ್ಲ. ಅಗೆಯುವ ಬದಲು ಅದರ ಮೇಲೆಯೇ ಹೊಸ ನೆಲ ಕಟ್ಟಲು ಹೊರಟೆ. ಅಂಗಡಿಗಳಿಂದ ರಟ್ಟಿನ ಡಬ್ಬ ತಂದು ಸೊಪ್ಪಿನ ಮಡಿಗಳ ಅಳತೆಗೆ ಹಾಸಿದೆ, ಅದರ ಮೇಲೆ ಬಂಗಾರಪೇಟೆ ಕಡೆಯ ಕೆರೆಯೊಂದರ ಗೋಡು ಮಣ್ಣು ಒಂದು ಟ್ರ್ಯಾಕ್ಟರ್ ಹಾಕಿಸಿದೆ, ಕಾಮಸಮುದ್ರದ ಕಡೆಯಿಂದ ರಾಗಿ ಹುಲ್ಲು ತರಿಸಿದೆ. ಸಾಲಲಿಲ್ಲ. ಮುಚ್ಚಲು, ಕೊಳೆಸಲು ಇನ್ನೂ ಬೇಕಿತ್ತು.

ಆಗ ಬಂತು ನವೆಂಬರಿನ ಮೃತರ ಹಬ್ಬ, ಅಲ್ಲಿನವರ ಬಾಯಲ್ಲಿ ಕಲ್ಲರೆ ಹಬ್ಬ; ಕಲ್ಲರೆ ಎಂದರೆ ಸಮಾಧಿ. ತೀರಿಹೋದವರ ಸಮಾಧಿಗೆ ಸುಣ್ಣ ಬಳಿದು, ಮೇಣದಬತ್ತಿ ಹಚ್ಚಿ, ಹೂವಿನಲ್ಲಿ ಮುಚ್ಚಿಬಿಡುತ್ತಾರೆ. ಆ ಊರಿನಲ್ಲಿ ಬದುಕಿರುವವರ ಮನೆಗಿಂತ ಸತ್ತವರ ಮನೆ ಅವತ್ತು ಚೆನ್ನಾಗಿರುತ್ತದೆ. ಎರಡು ದಿನ ಬಿಟ್ಟು ನಾನು ಆ ದಾರಿಯಲ್ಲಿ ಹೋದರೆ, ಸಮಾಧಿ ತೋಟ ಕಾಯುವ ಮುನಿಯಪ್ಪ ಬಾಡಿದ ಹೂವನ್ನೆಲ್ಲ ಗುಡ್ಡೆ ಹಾಕಿ, ಪ್ಲಾಸ್ಟಿಕ್ ಸಮೇತ ಬೆಂಕಿ ಇಡಲು ಹೊರಟಿದ್ದ.

"ಸುಡಬೇಡ ಮುನಿಯಪ್ಪ, ನನಗೆ ಕೊಡು," ಅಂದೆ.

"ತಕ್ಕೊಂಡೋಗಮ್ಮೋ! ಓದ ವರ್ಸ ಸುಟ್ಟು ವಾರವೆಲ್ಲಾ ಕೆಮ್ಮಿದೀನಿ. ನಂಗೊಂದು ಕೆಲ್ಸ ತಪ್ತು, ನಿಮ್ಗೆ ಪುಣ್ಯ ಬತ್ತದೆ."

ಆಟೋದವರು ಸಮಾಧಿ ಹೂವು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಅವನದೇ ತಳ್ಳುಗಾಡಿಯಲ್ಲಿ ಮೂಟೆ ಮೂಟೆ ತಂದೆ. ಪಾದ್ರಿಯಮ್ಮ ತಳ್ಳುಗಾಡಿ ತಳ್ಳುವುದನ್ನು ಊರು ನೋಡಿತು, ಏನು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ತಂದು ಒಂದೊಂದೇ ಹಾರದ ದಾರ, ತಂತಿ, ರಿಬ್ಬನ್ ಕಿತ್ತು ಹೂವನ್ನು ಬೇರೆ ಮಾಡುತ್ತಿದ್ದೆ. ಕೊನೆಯ ಮೂಟೆಯ ಹೊತ್ತಿಗೆ ಸೊಂಟ ನಿಲ್ಲುತ್ತಿರಲಿಲ್ಲ. ಸಾಕು ದೇವರೇ ಎಂದು ಅದನ್ನು ಹಾಗೇ ಗೋಡೆಯಂಚಿನ ಮಡಿಗೆ ಸುರಿದು, ಮೇಲೆ ಗೋಡು ಹರಡಿ ಒಳಗೆ ಹೋಗಿ ಮಲಗಿದೆ.

ಇದು ನಮ್ಮವರಿಗೂ ಗೊತ್ತಾಯಿತು. "ಜನಕ್ಕೆ ಏನನ್ನಿಸುತ್ತೋ," ಅಂದರು.

"ಪ್ರತಿ ಸಮಾಧಿಯ ಮುಂದೆ ನಿಂತು ಮಣ್ಣಿಗೆ ಮಣ್ಣು ಅಂತ ನೀವೇ ಹೇಳೋದಲ್ವಾ? ಮನುಷ್ಯರೇ ಮಣ್ಣಾಗಬಹುದಂತೆ, ಅವರ ಮೇಲಿಟ್ಟ ಹೂವು ಆಗಬಾರದಾ?"

ಅವರು ಟವೆಲು ಹೆಗಲಿಗೆ ಹಾಕಿಕೊಂಡು ಕೈ ತೊಳೆಯಲು ಹೋದರು.

ಕ್ರಿಸ್ಮಸ್ ಕಳೆದ ಮೇಲೆ ಹೂವೆಲ್ಲ ಕುಸಿದು ಕಪ್ಪಾಯಿತು. ಮೊದಲು ಆ ಸೇವಂತಿಗೆಯ ಕೊಳೆತ ವಾಸನೆ, ಆಮೇಲೆ ಒಂದು ಬೆಳಿಗ್ಗೆ ಎತ್ತಿ ಮೂಗಿಗೆ ಹಿಡಿದರೆ ಬರೀ ಮಣ್ಣಿನ ವಾಸನೆ. ಎರೆಹುಳು ಎಲ್ಲಿಂದ ಬಂದವೋ ದೇವರೇ ಬಲ್ಲ. ಗೋಡೆಯಂಚಿನ ಮಡಿಯಲ್ಲಿ ದಂಟು, ಅರಿವೆ, ಮೆಂತ್ಯ ಎರಚಿದೆ. ಆ ಕಡೆಯ ಗೋಡೆ ಮೊಣಕಾಲೆತ್ತರಕ್ಕೆ ಕುಸಿದಿತ್ತು. ರಿಪೇರಿ ಮಾಡಿಸುವುದು ಬೇಡ ಎಂದೆ. ಅಂಚು ಪರದೇಶಿಗಳಿಗೆ. ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ಕೈ ಚಾಚಿ ಕಿತ್ತುಕೊಳ್ಳಲಿ.

ಮೊದಲು ಕೈ ಚಾಚಿದವಳು ರೂತಮ್ಮ. ನಮ್ಮ ಸಭೆಯವಳೇ, ಕಾಮಸಮುದ್ರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು, ಗಂಡ ತೀರಿ ಬಹಳ ಕಾಲವಾಗಿತ್ತು. ಬೆಳಕು ಹರಿಯುವ ಮೊದಲು ಟ್ರೈನು ಹತ್ತಿ ಬೆಂಗಳೂರಿಗೆ ಹೋಗಿ, ಯಾವುದೋ ದೊಡ್ಡ ಕಟ್ಟಡದ ನೆಲ ಒರೆಸಿ, ಕತ್ತಲಾಗುವ ಹೊತ್ತಿಗೆ ವಾಪಸು ಬರುತ್ತಿದ್ದಳು. ಸ್ಟೇಷನ್ನಿನಿಂದ ಮನೆಗೆ ನಮ್ಮ ಗೋಡೆಯ ಪಕ್ಕದಲ್ಲೇ ದಾರಿ.

"ಅಮ್ನೋರೇ, ಸೊಪ್ಪು ಕಿತ್ಕೊಂಡ್ರೆ ಬೈತೀರಾ?"

"ಹೊಲದ ಅಂಚು ಆಯುವ ಹೆಸರೇ ಇಟ್ಟುಕೊಂಡಿದ್ದೀರಿ, ಬೈದರೆ ನನಗೆ ನರಕವೇ ಗತಿ. ಕಿತ್ಕೊಳ್ಳಿ ರೂತಮ್ಮ," ಅಂದೆ. ಹಳೆಯ ಒಡಂಬಡಿಕೆಯ ಆ ರೂತಳೂ ಪರರ ಹೊಲದ ಅಂಚಿನಲ್ಲಿ ತೆನೆ ಆಯ್ದವಳೇ. ರೂತಮ್ಮನಿಗೆ ನಗು ಬಂತು. ಆ ಹೆಂಗಸು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಅದು ದಿನದ ಪರಿಪಾಠವಾಯಿತು. ಸಂಜೆ ಅವಳು ಗೋಡೆಯ ಮೇಲೆ ಟಿಫನ್ ಚೀಲ ಇಟ್ಟು ಒಂದು ಹಿಡಿ ಕೀಳುವುದು, ಈ ಕಡೆ ನಾನು ಪಾತ್ರೆ ತೊಳೆದ ನೀರನ್ನು ಮಡಿಗೆ ಸುರಿಯುವುದು, ನಡುವೆ ನಾಲ್ಕು ಮಾತು. ಹೆಚ್ಚಾಗಿ ಸ್ಟೆಲ್ಲಾಳ ಮಾತೇ. ಅವಳ ಒಬ್ಬಳೇ ಮಗಳು, ಪಿಯುಸಿ ಓದುತ್ತಿದ್ದಾಗ ಜ್ವರ ಬಂದು ತೀರಿಹೋದವಳು.

"ದಿನಾ ಒಂದೇ ಮಾತು ಅವಳ್ದು. ಇನ್ನೊಂದೆರಡು ವರ್ಸ ಅಮ್ಮಾ, ಆಮೇಕೆ ನೀನು ಟ್ರೈನು ಬುಟ್ಬುಡು, ನಾನೇ ಕೂರಿಸಿ ಅನ್ನ ಆಕ್ತೀನಿ ಅನ್ನೋಳು. ಏನ್ ಮಾಡೋದು ಅಮ್ನೋರೇ, ಇನ್ನೂ ಟ್ರೈನು ಅತ್ತುತ್ತಾನೇ ಇದೀನಿ." ಹೀಗೆ ಹೇಳಿ ಸೊಪ್ಪಿನ ಬೇರಿನ ಮಣ್ಣು ಕೊಡವಿ ಹೋಗುತ್ತಿದ್ದಳು.

ಈಸ್ಟರಿಗೆ ಮೊದಲಿನ ತಪಸ್ಸುಕಾಲ ಬಂತು, ಬಿಸಿಲು ಬಂತು. ನಲ್ಲಿಯಲ್ಲಿ ನೀರು ಬರುವುದೇ ಅಪರೂಪ, ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡಿದ್ದೇ ಓಡಿದ್ದು. ಸ್ನಾನದ ನೀರು, ಅಕ್ಕಿ ತೊಳೆದ ನೀರು, ಬಟ್ಟೆ ಕೊನೆಗೆ ಅದ್ದಿದ ನೀರು, ಎಲ್ಲ ಹೊತ್ತು ಹೊತ್ತು ಹಾಕಿದೆ. ಎಷ್ಟೋ ಸಂಜೆ ಬಕೆಟ್ಟು ಕೆಳಗಿಟ್ಟು, ಯಾರಿಗೆ ಬೇಕು ಈ ಪಾಡು, ಹಾಕಿಕೊಳ್ಳಲಿ ಸಿಮೆಂಟು ಎಂದುಕೊಂಡದ್ದುಂಟು. ಆಗ ಗೋಡೆಯ ಆಚೆ ಚಪ್ಪಲಿ ಸದ್ದು ಕೇಳುತ್ತಿತ್ತು. ರೂತಮ್ಮನಿಗೆ ಸೊಪ್ಪು ಬೇಕಲ್ಲ ಎಂದು ಮತ್ತೆ ಬಕೆಟ್ಟು ಎತ್ತುತ್ತಿದ್ದೆ. ಭಕ್ತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಲಾರೆ, ಆ ಚಪ್ಪಲಿ ಸದ್ದಿಗಾಗಿ ಮಾಡಿದೆ.

ಮುಂಗಾರಿಗೆ ಒಳಗಿನ ಮಡಿಗಳಲ್ಲಿ ಕುಂಬಳದ ಬೀಜ ಊರಿದೆ. ಬಳ್ಳಿ ಎದ್ದ ರಭಸ ನೋಡಿ ಸಾಲೊಮೋನ್ ಸಾರ್ ಕೂಡ ಬಾಯಿ ಬಿಟ್ಟರು. "ಏನಮ್ಮಾ, ಏನು ಹಾಕಿದ್ರಿ ಇದಕ್ಕೆ?" ಎಂದರು. ನಾನು ನಕ್ಕು, ಎಳೆಗಾಯಿಯೊಂದನ್ನು ತೋರಿಸಿ ಮಾತು ತಿರುಗಿಸಿದೆ. ಎಷ್ಟೋ ವರ್ಷಗಳ ಮೇಲೆ ಆ ದಿನಗಳಲ್ಲಿ ನನಗೆ ಬೆಳಿಗ್ಗೆ ಏಳಬೇಕು ಅನ್ನಿಸುತ್ತಿತ್ತು.

ಒಂದು ಜೋರು ಮಳೆಯ ಮರುದಿನ ಸಂಜೆ ರೂತಮ್ಮ ಸೊಪ್ಪು ಕೀಳುತ್ತ ತಟ್ಟನೆ ನಿಂತಳು. ಅವಳ ಕೈಯಲ್ಲಿ ಮಣ್ಣು ಮೆತ್ತಿದ ಒಂದು ಬೆಳ್ಳಿಬಣ್ಣದ ಲೇಸಿನ ತುಂಡು ಇತ್ತು. ಸೀರೆಯ ಸೆರಗಿನಿಂದ ಒರೆಸಿ ಒರೆಸಿ ನೋಡಿದಳು.

"ಇದು ಇಲ್ಲಿಗೆ ಎಂಗೆ ಬಂತು ಅಮ್ನೋರೇ? ಚರ್ಚಲ್ಲಿ ದೃಢೀಕರಣ ಆದಾಗ ಸ್ಟೆಲ್ಲಾ ಆಕಿದ್ದ ಫ್ರಾಕಿನ್ದು. ನಾನೇ ಕತ್ತರಿಸಿ ಅವಳ ಊವಿಗೆ ಕಟ್ಟಿ ಕಲ್ಲರೆ ಮೇಲೆ ಇಟ್ಟಿದ್ನಲ್ಲ."

ಸುಳ್ಳು ಹೇಳುವುದು ನನಗೆ ಬರಲಿಲ್ಲ. ಮುನಿಯಪ್ಪ ಸುಡುತ್ತಿದ್ದದ್ದು, ನಾನು ತಂದದ್ದು, ಈ ಮಡಿಗೆ ಹಾಕಿದ್ದು, ಎಲ್ಲ ಹೇಳಿದೆ. ಅವಳು ಮಡಿಯನ್ನು ನೋಡಿದಳು, ಕೈಯಲ್ಲಿದ್ದ ಸೊಪ್ಪನ್ನು ನೋಡಿದಳು.

"ಇದನ್ನ ನಾನು ತಿಂದ್ನಲ್ಲ," ಅಂದಳು. "ನನ್ ಮಗಳ ಮೇಲಿನ ಊವ ನಂಗೇ ತಿನ್ನಿಸ್ಬುಟ್ರಲ್ಲಮ್ಮಾ ನೀವು!"

ರಸ್ತೆಯ ಪಕ್ಕ ಕೂತು ವಾಂತಿ ಮಾಡಿಕೊಂಡಳು. ನಾನು ನೀರು ತೆಗೆದುಕೊಂಡು ಓಡಿದೆ, ಅವಳು ನನ್ನ ಕೈಯನ್ನು ತಳ್ಳಿ ಎದ್ದು ಹೋದಳು. ಸೊಪ್ಪು ರಸ್ತೆಯಲ್ಲೇ ಬಿದ್ದಿತ್ತು. ಲೇಸನ್ನು ಮಾತ್ರ ಒಯ್ದಳು.

ಮುಂದಿನ ಭಾನುವಾರದೊಳಗೆ ಸಭೆಗೆಲ್ಲ ಗೊತ್ತಾಯಿತು. ಯಾರೂ ನನ್ನ ಮುಖದ ಮೇಲೆ ಏನೂ ಅನ್ನಲಿಲ್ಲ, ಪಾದ್ರಿಯಮ್ಮನಲ್ಲವೇ. ಸಮಾಧಿ ಗೊಬ್ಬರ, ಸಮಾಧಿ ಸೊಪ್ಪು ಎಂದು ಬೆನ್ನ ಹಿಂದೆ ಮೂರು ಭಾಷೆಯಲ್ಲೂ ಅಂದುಕೊಂಡರು. ಆ ಊರಿನಲ್ಲಿ ಗುಸುಗುಸುವೂ ಕನ್ನಡ, ತಮಿಳು, ತೆಲುಗಿನಲ್ಲಿ ನಡೆಯುತ್ತದೆ, ನನ್ನ ದುರದೃಷ್ಟಕ್ಕೆ ಮೂರೂ ನನಗೆ ಬರುತ್ತಿದ್ದವು. ಗೋಡೆಯ ಹತ್ತಿರ ಕೈ ಚಾಚುವವರು ಇಲ್ಲವಾದರು. ರೂತಮ್ಮ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದಳು. ಕೀಳುವವರಿಲ್ಲದೆ ದಂಟು ಎದೆಯೆತ್ತರ ಬೆಳೆದು ತೆನೆ ಬಿಟ್ಟಿತು.

ಒಂದು ರಾತ್ರಿಯೂಟದ ಹೊತ್ತಿಗೆ ಅವಳ ಮನೆಗೆ ಹೋದೆ. ಬಾಗಿಲು ತೆರೆದವಳು ಒಳಗೆ ಕರೆಯಲಿಲ್ಲ.

"ಕೇಳಬೇಕಿತ್ತು ನಾನು, ರೂತಮ್ಮ. ಕೇಳದೆ ತಂದೆ. ಆದರೆ ಅದನ್ನ ಕಸ ಅಂತ ನೋಡಲಿಲ್ಲ. ಸುಟ್ಟು ಬೂದಿಯಾಗೋದು ಬೇಡ ಅಂತ…"

"ಬೆಳಗ್ಗೆ ಟ್ರೈನು ಐತೆ ಅಮ್ನೋರೇ. ಮಲಗ್ಬೇಕು," ಅಂದಳು. ಗೋಡೆಯ ಮೇಲೆ ಸ್ಟೆಲ್ಲಾಳ ಫೋಟೋಗೆ ಆ ಲೇಸು ಸುತ್ತಿತ್ತು. ಬಾಗಿಲು ಮುಚ್ಚಿಕೊಂಡಿತು.

ಸುಗ್ಗಿ ಹಬ್ಬದ ದಿನ ನಾನು ಕುಂಬಳಕಾಯಿಗಳನ್ನು ಒರೆಸಿ, ಪೀಠದ ಮುಂದೆ ಸಾಲಾಗಿ ಇಟ್ಟೆ. ಅಂಥ ಕಾಯಿ ಆ ಚರ್ಚು ಕಂಡಿರಲಿಲ್ಲ. ಒಂದನ್ನು ಎತ್ತಲು ಇಬ್ಬರು ಬೇಕಿತ್ತು. ಅಂಗಳದ ಹರಾಜಿನಲ್ಲಿ ಸಾಲೊಮೋನ್ ಸಾರೇ ನಿಂತು ಕೂಗಿದರು. ಕೋಳಿ ಹೋಯಿತು, ಕೇಕು ಹೋಯಿತು, ಒಂದು ಕಟ್ಟು ಕರಿಬೇವಿಗೆ ಇಬ್ಬರು ಜಗಳಕ್ಕೇ ನಿಂತರು. ನನ್ನ ಕುಂಬಳಕಾಯಿ ಮುಂದೆ ಬಂದಾಗ ಅಂಗಳ ಸುಮ್ಮನಾಯಿತು. ಒಂದು ಸಾರಿ ಕೂಗಿದರು, ಎರಡು ಸಾರಿ ಕೂಗಿದರು. ಹೆಂಗಸರು ಮಕ್ಕಳ ತಲೆ ಸರಿಮಾಡತೊಡಗಿದರು. ಆಗ ನಮ್ಮವರು, ಪಾಪ, ನಿಲುವಂಗಿಯಲ್ಲೇ ಇದ್ದವರು, ಕೈ ಎತ್ತಲು ಹೋದರು. "ಎತ್ತಬೇಡಿ," ಅಂದೆ, ಹಲ್ಲು ಕಚ್ಚಿ. ಕಾಯಿಗಳನ್ನು ಮತ್ತೆ ನಾವೇ ಮನೆಗೆ ಉರುಳಿಸಿಕೊಂಡು ಬಂದೆವು. ಬಾಗಿಲು ಹಾಕಿಕೊಂಡು ನಾನು ಅತ್ತೆ. ನಾಚಿಕೆಗೆ ಅತ್ತೆನೋ, ಸುಸ್ತಿಗೆ ಅತ್ತೆನೋ, ಎರಡಕ್ಕೂ ಇರಬೇಕು. ಆಮೇಲೆ ವಾರಗಟ್ಟಲೆ ಕುಂಬಳದ ಹುಳಿ, ಕುಂಬಳದ ಪಲ್ಯ, ಕುಂಬಳದ ಕಡುಬು. ನಮ್ಮವರು ಒಂದು ಮಾತೂ ಆಡದೆ ತಿಂದರು, ಅದೊಂದು ಉಪಕಾರವನ್ನು ನಾನು ಮರೆಯಲಾರೆ.

ಕ್ರಿಸ್ಮಸ್ ಆದ ಮೇಲೆ ಸಿಮೆಂಟು ಎಂದು ಕಮಿಟಿಯಲ್ಲಿ ತೀರ್ಮಾನವಾಯಿತು. ನಾನು ಮಾತು ಎತ್ತಲಿಲ್ಲ. ಒಪ್ಪಂದ ಒಪ್ಪಂದವೇ. ಮಡಿಗೆ ನೀರು ಹಾಕುವುದನ್ನೂ ಬಿಟ್ಟೆ.

ಮತ್ತೆ ಕಲ್ಲರೆ ಹಬ್ಬ ಬಂತು. ತಲೆನೋವು ಎಂದು ನಾನು ಆ ಕಡೆ ಸುಳಿಯಲಿಲ್ಲ. ಹಬ್ಬದ ಮರುದಿನವೋ ಅದರ ಮರುದಿನವೋ, ಸಂಜೆ ಟ್ರೈನಿನ ಜನ ಹೋಗುವ ಹೊತ್ತು, ಹಿತ್ತಲಲ್ಲಿ ಏನೋ ಧೊಪ್ಪೆಂದು ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಗೋಡೆಯ ಈಚೆ ರೂತಮ್ಮ ನಿಂತಿದ್ದಳು, ಕಾಲ ಹತ್ತಿರ ಒಂದು ಮೂಟೆ. ಹೂವಿನ ವಾಸನೆ ಬಂತು.

"ಮುನಿಯಪ್ಪ ಸುಡ್ತಾ ಇದ್ದ. ಬುಡ್ಲಿಲ್ಲ ನಾನು," ಅಂದಳು. "ದಾರ, ರಿಬ್ಬನ್ನು ಎಲ್ಲಾ ಕಿತ್ತಿದೀನಿ. ಎಲ್ಲಿ ಸುರೀಲಿ?"

ಗೋಡೆಯಂಚಿನ ಮಡಿಯನ್ನು ಕೈಯಲ್ಲಿ ತೋರಿಸಿದೆ. ಇಬ್ಬರೂ ಸೇರಿ ಸುರಿದೆವು. ಕೈ ಕೊಡವಿಕೊಂಡು, ಟಿಫನ್ ಚೀಲ ಎತ್ತಿಕೊಂಡು ಹೋದಳು. ಆ ರಾತ್ರಿಯೇ ನಾನು ಒಂದು ಬಕೆಟ್ಟು ನೀರು ಹೊತ್ತು ಹಾಕಿದೆ. ಉದುರಿದ ಬೀಜಗಳಿಂದ ಸೊಪ್ಪು ತಾನಾಗಿಯೇ ಎದ್ದು ಬಂತು.

ಹೊಸ ವರ್ಷದ ಒಂದು ಭಾನುವಾರ, ಆರಾಧನೆ ಬಿಟ್ಟ ಮೇಲೆ, ಕಾಂಟ್ರಾಕ್ಟರು ಬಂದು ಗೂಟ ಹೊಡೆದು ಹಗ್ಗ ಎಳೆದ. ಜನ ಸುತ್ತ ನಿಂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹಗ್ಗ ಗೋಡೆಯವರೆಗೂ ಬಂದಾಗ ರೂತಮ್ಮ ಜನರ ನಡುವಿನಿಂದ ಬಂದು ಅಂಚಿನ ಮಡಿಯ ಮುಂದೆ ನಿಂತುಬಿಟ್ಟಳು.

"ಈಚೆ ಬಾಮ್ಮ ರೂತಮ್ಮ, ಹಗ್ಗ ಕಟ್ಬೇಕು," ಅಂದರು ಸಾಲೊಮೋನ್ ಸಾರ್.

"ಈ ಅಂಚು ಬುಟ್ಬುಡಿ ಸಾರ್."

"ಯಾಕಮ್ಮಾ? ಸಮಾಧಿ ಸೊಪ್ಪು ಅಂತ ಊರಿಗೆಲ್ಲ ಹೇಳಿದ್ದು ನೀನೇ ಅಲ್ವಾ?"

"ನಾನೇ ಸಾರ್." ಅವಳು ಸೆರಗು ಎಳೆದುಕೊಂಡಳು. ಅಷ್ಟು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲದವಳು, ನೆಲವನ್ನೇ ನೋಡುತ್ತ ಹೇಳಿದಳು. "ಗೊತ್ತಿಲ್ದೆ ಎಷ್ಟೋ ದಿನ ಇಲ್ಲಿಂದ್ಲೇ ಕಿತ್ಕೊಂಡೋಗಿ ಉಂಡೆ. ಗೊತ್ತಾದಾಗ ವಾಂತಿ ಮಾಡ್ಕೊಂಡೆ. ಆಮೇಕೆ ದಿನಾ ಟ್ರೈನಲ್ಲಿ ಕೂತು ಅದನ್ನೇ ಯೋಚ್ನೆ ಮಾಡ್ದೆ ಸಾರ್. ಅಮ್ಮಾ, ನಾನೇ ಅನ್ನ ಆಕ್ತೀನಿ ಅಂತಿದ್ಲು ನಮ್ ಸ್ಟೆಲ್ಲಾ. ಆಕ್ದೇನೇ ಓಗ್ಬುಟ್ಲಲ್ಲ ಅಂತ ದೇವರ್ ಮ್ಯಾಲೆ ಸಿಟ್ಟಿತ್ತು ನಂಗೆ. ಅನ್ನ ಆಕೋಕೆ ಆಗ್ಲಿಲ್ಲ ಅವಳ್ಗೆ. ಸೊಪ್ಪು ಆಕಿದ್ಲು. ಅಷ್ಟು ದಿನ ನನ್ ಮಗಳು ಆಕಿದ್ದೇ ಉಂಡಿದೀನಿ ನಾನು. ಇದ್ರ ಮ್ಯಾಲೆ ಸಿಮೆಂಟ್ ಆಕ್ಬೇಡಿ."

ಸಾಲೊಮೋನ್ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಸೊಂಟ ಹಿಡಿದುಕೊಂಡು ತಾವೇ ಬಗ್ಗಿ, ಗೋಡೆಯ ಹತ್ತಿರದ ಗೂಟ ಕಿತ್ತು ಎರಡು ಮೊಳ ಈಚೆ ತಂದು ಕಲ್ಲಿನಿಂದ ಹೊಡೆದರು. ಅವರು ಹಗ್ಗ ಕಟ್ಟಿ ಮುಗಿಸುವ ಮೊದಲೇ ರೂತಮ್ಮ ಮಡಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಮಧ್ಯಾಹ್ನದ ಸಾರಿಗೆ ಒಂದು ಹಿಡಿ ಸೊಪ್ಪು ಕೀಳುತ್ತಿದ್ದಳು.